ಬಾರಿನಿಂದ ಬಂದ ಟೀವಿಯಲ್ಲಿ ಚಿಕ್ಕಮ್ಮನ ಮುಖ

ನಮ್ಮನೆಯ ಟೀವಿಯನ್ನು ಮೊದಲ ಸಲ ನೋಡಿದವರು ಅದನ್ನು ಬೀರು ಅಂದುಕೊಳ್ಳುತ್ತಾರೆ. ಎದೆಯೆತ್ತರದ ಪೆಟ್ಟಿಗೆ, ಅಡಿಯಲ್ಲಿ ಗಾಲಿ, ಮುಂದೆ ಐವತ್ತೊಂದು ಇಂಚಿನ ಪರದೆ. ಒಳಗಿನಿಂದ ಬೆಳಕು ಬಿಟ್ಟು, ಹಿಂಬದಿಯ ಕನ್ನಡಿಗೆ ಹಾಯಿಸಿ, ಪರದೆಯ ಬೆನ್ನಿಗೆ ಚಿತ್ರ ಮೂಡಿಸುವ ಹಳೇ ಕಾಲದ ಪ್ರೊಜೆಕ್ಷನ್ ಟೀವಿ ಅದು. ಶಿರಾದ ಹೈವೇ ಪಕ್ಕದ ಬಾರೊಂದು ಗೋಡೆಗೆ ನೇತುಹಾಕುವ ತೆಳು ಟೀವಿಗಳನ್ನು ತರಿಸಿಕೊಂಡಾಗ ಇದನ್ನು ಹೊರಗೆ ಹಾಕಿತು. ನಮ್ಮನೆಯವರು ಅದನ್ನು ಲಗೇಜ್ ಆಟೋದಲ್ಲಿ, ಕಡಲೆಕಾಯಿ ಮೂಟೆಗಳ ನಡುವೆ ನಿಲ್ಲಿಸಿಕೊಂಡು ಮಧುಗಿರಿಗೆ ತಂದರು. ನನಗೆ ಒಂದು ಮಾತು ಹೇಳಿರಲಿಲ್ಲ. ಮನೆ ಮುಂದೆ ಇಳಿಸಿದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲನ್ನು ಕೀಲಿನಿಂದ ಕಳಚಿ ಒಳಗೆ ತಂದದ್ದಾಯಿತು.

ಬಂದ ದಿನದಿಂದಲೂ ಅದರ ಬಣ್ಣ ಒಂದು ಥರ. ವಾರ್ತೆ ಓದುವವರು, ಸೀರಿಯಲ್ಲಿನ ಅತ್ತೆ ಸೊಸೆಯರು, ಕ್ರಿಕೆಟ್ಟಿನ ಅಂಪೈರು, ಎಲ್ಲರೂ ತುಸು ಹಳದಿ. ಕೇಳಿದರೆ ನಮ್ಮನೆಯವರು, "ಅದು ನ್ಯಾಚುರಲ್ ಕಲರ್ ಕಣೇ, ಹೊಸಾ ಟೀವಿಗಳದ್ದೇ ಸುಳ್ಳು ಬಣ್ಣ" ಅನ್ನುತ್ತಿದ್ದರು. ದಿನಾ ನೋಡಿ ನೋಡಿ ನಮ್ಮ ಕಣ್ಣೂ ಅದಕ್ಕೆ ಒಗ್ಗಿಹೋಯಿತು. ಬೇರೆಯವರ ಮನೆಗೆ ಹೋದಾಗ ಅವರ ಟೀವಿಯೇ ನೀಲಿಯಾಗಿದೆ ಅನ್ನಿಸುತ್ತಿತ್ತು.

ನಾನು ಶಿರಾದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅಮ್ಮ ನಮ್ಮ ಜೊತೆಯಲ್ಲೇ ಇರುತ್ತಾಳೆ. ಸಕ್ಕರೆ ಕಾಯಿಲೆ ಅವಳ ಕಣ್ಣಿನ ಪರದೆಯನ್ನು ತಿಂದಿದೆ. ಮನುಷ್ಯರು ನಿಂತಿದ್ದಾರೆ, ಸೀರೆ ಕೆಂಪು, ಗೋಡೆ ಬಿಳಿ, ಇಷ್ಟು ಗೊತ್ತಾಗುತ್ತದೆ. ಮೂಗು ಬಾಯಿ ಗೊತ್ತಾಗುವುದಿಲ್ಲ. ಈ ದೊಡ್ಡ ಟೀವಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಮಾತ್ರ ಮುಖ ಅನ್ನುವುದು ಮುಖವಾಗಿ ಕಾಣುತ್ತಿತ್ತು. ಅದೊಂದು ಕಾರಣಕ್ಕೆ ನಾನು ಆ ಬೀರುವನ್ನು ಸಹಿಸಿಕೊಂಡಿದ್ದೆ.

ಕಳೆದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರು. ಎಲ್ಲಕ್ಕಿಂತ ಅವಳನ್ನು ಕಾಡಿದ್ದು ಪಾವಗಡಕ್ಕೆ ಹೋಗಲಾಗದ್ದು. ಅಲ್ಲಿ ಅವಳ ತಂಗಿ, ನಮ್ಮ ಚಿಕ್ಕಮ್ಮ, ಇದ್ದಾಳೆ. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದು ಸಂಜೆ ಅಮ್ಮ ಫೋನು ಕೆಳಗಿಟ್ಟು, "ಅವಳ ದನಿ ಸರಿ ಇಲ್ಲ ಕಣೆ. ಏನೋ ಮುಚ್ಚಿಡ್ತಾವ್ಳೆ. ನಾನು ಅವಳ ಮುಖ ನೋಡ್ಬೇಕು" ಅಂದಳು.

ನಾನೇ ಫೋನು ಮಾಡಿ ಕೇಳಿದೆ. "ಏಮೀ ಲೇದಮ್ಮಾ, ಏನಿಲ್ಲ, ಮದ್ವೆ ಸೀಜನ್ನು, ಕೆಲ್ಸ ಜಾಸ್ತಿ, ಅದಕ್ಕೇ ಸುಸ್ತು" ಅಂದಳು. ಭಾನುವಾರ ಬರುತ್ತೇನೆ ಅಂದರೆ, "ಬ್ಯಾಡ, ಊರಲ್ಲಿರಲ್ಲ" ಅಂದಳು. ಮುಂದಿನ ಭಾನುವಾರವೂ ಊರಲ್ಲಿರುವುದಿಲ್ಲವಂತೆ. ನನಗೂ ಸ್ವಲ್ಪ ಸಿಟ್ಟು ಬಂತು. ಬೇಡ ಅಂದವರ ಮನೆಗೆ ಮೇಲೆ ಬಿದ್ದು ಹೋಗುವುದೇಕೆ ಅಂತ ಸುಮ್ಮನಾದೆ. ವೀಡಿಯೋ ಕಾಲ್ ಮಾಡಿಸಿ ಫೋನನ್ನು ಅಮ್ಮನ ಮುಖದ ಹತ್ತಿರ ಹಿಡಿದೆ. "ಏನೋ ಅಳ್ಳಾಡ್ತೈತೆ, ಅಷ್ಟೇಯ" ಅಂದಳು. ಆಮೇಲೆ ಟೀವಿಯ ಕಡೆ ಕೈ ತೋರಿಸಿ, "ಅದ್ರಲ್ಲಿ ತೋರ್ಸಕ್ಕಾಗಲ್ವ?" ಅಂತ ಕೇಳಿದಳು.

ಶಿರಾ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದೆ. ನಮ್ಮ ಟೀವಿಯ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ದುಂಡು ತೂತುಗಳಿವೆಯೇ ಹೊರತು ಈಗಿನ ಚಪ್ಪಟೆ ಎಚ್‌ಡಿಎಂಐ ತೂತಿಲ್ಲ. ಅಂಗಡಿಯವನು ಅಲ್ಲಿಯ ಸಾಬರ ಹುಡುಗ. ನಾನು ತೆಗೆದುಕೊಂಡು ಹೋಗಿದ್ದ ಫೋಟೋ ನೋಡಿ, "ಯಾವ್ ಜಮಾನಾದ್ದು ಮೇಡಂ ಇದು" ಅಂತ ನಕ್ಕ. ಫೋನಿನ ಚಿತ್ರವನ್ನು ವೈಫೈನಲ್ಲಿ ಹಿಡಿಯುವ ಬೆರಳುದ್ದದ ಒಂದು ಕಡ್ಡಿ, ಅದನ್ನು ದುಂಡು ತೂತಿಗೆ ಹೊಂದಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಕನ್ವರ್ಟರು, ಎರಡನ್ನೂ ಕೊಟ್ಟ.

ಮನೆಗೆ ತಂದು ಜೋಡಿಸಿದರೆ ಟೀವಿ ಕರ್ರಗೆ ಕೂತಿತು. ನಮ್ಮನೆಯವರು ಟೀವಿ ಹಿಂದೆ ತೂರಿಕೊಂಡು ವೈರು ತೆಗೆದರು, ಹಾಕಿದರು, ಊದಿದರು. ಕೊನೆಗೆ ಗೊತ್ತಾಯಿತು, ಕನ್ವರ್ಟರುಗಳಲ್ಲಿ ಎರಡು ಜಾತಿ: ಹಳೆಯದರಿಂದ ಹೊಸದಕ್ಕೆ ಒಯ್ಯುವುದು ಒಂದು, ಹೊಸದರಿಂದ ಹಳೆಯದಕ್ಕೆ ತರುವುದು ಇನ್ನೊಂದು. ನೋಡಲು ಅವಳಿಜವಳಿ. ನಾವು ತಂದದ್ದು ಉಲ್ಟಾ. ಮಾರನೆಯ ದಿನ ಬದಲಾಯಿಸಿ ತಂದೆ. ಆಗಲೂ ಕತ್ತಲೆ. ಆ ಪೊಟ್ಟಣಕ್ಕೂ ಬೇರೆ ಚಾರ್ಜರು ಚುಚ್ಚಬೇಕಿತ್ತು. ಚುಚ್ಚಿದರೆ ಚಿತ್ರ ಬಂತು, ಆದರೆ ಕಪ್ಪುಬಿಳುಪಾಗಿ ಮೇಲಕ್ಕೆ ಉರುಳತೊಡಗಿತು. ಪೊಟ್ಟಣದ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಸ್ವಿಚ್ಚಿತ್ತು. ಅದನ್ನು ಉಗುರಿನಿಂದ ಆ ಕಡೆಗೆ ತಳ್ಳಿದೆ. ಚಿತ್ರ ನಿಂತಿತು, ಬಣ್ಣವೂ ಬಂತು. ನಾನು ನಿಜಕ್ಕೂ ದಂಗಾದೆ. ನಾನು ಜೋಡಿಸಿದ್ದು ಕೆಲಸ ಮಾಡಿತ್ತು.

ಚಿಕ್ಕಮ್ಮನಿಗೆ ವೀಡಿಯೋ ಕಾಲ್ ಹಚ್ಚಿದೆವು. ಪರದೆಯ ನಡುವೆ ಪಟ್ಟಿಯ ಹಾಗೆ ಸಣ್ಣಗೆ ಕಂಡಳು. "ಚಿಕ್ಕಮ್ಮ, ಫೋನು ಅಡ್ಡ ಮಲಗ್ಸು" ಅಂದೆ. ಅವಳು ಫೋನನ್ನು ಮೆಷಿನ್ ಮೇಲೆ ಅಂಗಾತ ಮಲಗಿಸಿದಳು. ಪಾವಗಡದ ಸೀಲಿಂಗ್ ಫ್ಯಾನು ನಮ್ಮ ಹಾಲಿನಲ್ಲಿ ತಿರುಗಿತು. ನಕ್ಕು ನಕ್ಕು ಸಾಕಾಯಿತು. ಕೊನೆಗೆ ನೂಲಿನ ಡಬ್ಬಿಗೆ ಒರಗಿಸಿ ಅಡ್ಡಡ್ಡ ನಿಲ್ಲಿಸಿದಳು. ನಮ್ಮ ಹಾಲಿನ ಒಂದು ಗೋಡೆಯಷ್ಟು ಅಗಲಕ್ಕೆ ಚಿಕ್ಕಮ್ಮ ಬಂದು ಕೂತಳು. ಹಿಂದೆ ಸುಣ್ಣದ ಗೋಡೆ, ಮೊಳೆಗೆ ನೇತುಹಾಕಿದ ಬ್ಲೌಸುಗಳು, ಬೆಂಚಿನ ಮೇಲೆ ಬಿಳಿ ಲೈನಿಂಗ್ ಬಟ್ಟೆಯ ಸುರುಳಿ. ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಕಣ್ಣಲ್ಲಿ ನೀರು ಬಂತು. ಅಮ್ಮ ಅಳುವುದನ್ನು ನಾನು ನೋಡಿದ್ದೇ ಕಡಿಮೆ. ವೈರು ಸರಿ ಮಾಡುವಂತೆ ನಟಿಸಿದೆ.

ಗೋಡೆ, ಬಟ್ಟೆ, ಚಿಕ್ಕಮ್ಮ, ಎಲ್ಲವೂ ಹಳದಿಯಾಗಿತ್ತು. ನಮ್ಮನೆಯವರು, "ಏನು ಚಿಕ್ಕತ್ತೆ, ಅರಿಶಿನ ಹಚ್ಚಿದ ಮದ್ಲಗಿತ್ತಿ ಥರ ಕಾಣ್ತೀರಲ್ಲ" ಅಂದರು. ಚಿಕ್ಕಮ್ಮನೂ ನಕ್ಕಳು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಆ ವಾರವಿಡೀ ಸಂಜೆ ಅಕ್ಕತಂಗಿಯರು ಹಾಗೆ ಎದುರುಬದುರು ಕೂತು ಮಾತಾಡಿದರು. ಆಶ್ಚರ್ಯವೆಂದರೆ ಚಿಕ್ಕಮ್ಮ ಮಾತು ಕಡಿಮೆ ಮಾಡಿದ್ದಳು. ಸುಮ್ಮನೆ ಕೂತು ಫೋನನ್ನೇ ನೋಡುತ್ತಿದ್ದಳು. ಕಾಲ್ ಮುಗಿದ ಮೇಲೆ ಅಮ್ಮ ಪ್ರತಿ ಸಲವೂ ನನ್ನನ್ನು ಕೇಳುತ್ತಿದ್ದಳು: "ಹೆಂಗವ್ಳೆ? ಸರಿಯಾಗಿ ನೋಡ್ದೇನೆ?" ಚೆನ್ನಾಗಿದ್ದಾಳೆ, ತುಸು ಇಳಿದಿದ್ದಾಳೆ ಅಷ್ಟೆ ಅನ್ನುತ್ತಿದ್ದೆ. ಶನಿವಾರ ಅವಳಿಗೆ ರೇಗಿತು. "ಬಣ್ಣ ಕೆಟ್ಟೈತೆ. ಬಣ್ಣ ಕೆಟ್ರೆ ಮುಖ ನೋಡ್ದಂಗಾಗಲ್ಲ. ಇದನ್ನ ರಿಪೇರಿ ಮಾಡ್ಸಿ, ಇಲ್ಲ ಬಿಸಾಕಿ" ಅಂತ ಅಳಿಯನ ಮುಖಕ್ಕೇ ಹೇಳಿದಳು. ನಮ್ಮನೆಯವರಿಗೆ ಅವಮಾನವಾಯಿತು. ಆ ಟೀವಿಗೆ ಯಾರೇನಂದರೂ ಅವರಿಗೆ ಅಂದ ಹಾಗೆ. ರಾತ್ರಿಯೇ ಪ್ಲಗ್ ಕಿತ್ತಿಟ್ಟು, ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಹಿಂಬದಿಯ ಹಲಗೆ ಬಿಚ್ಚಿದರು.

ಒಳಗೆ ನೋಡಿ ನಾನು ಬೆಚ್ಚಿದೆ. ಅಷ್ಟು ದೊಡ್ಡ ಪೆಟ್ಟಿಗೆ ಮುಕ್ಕಾಲು ಪಾಲು ಖಾಲಿ. ತಳದಲ್ಲಿ ಮೂರು ದಪ್ಪ ಮಸೂರಗಳು, ಹಿಂದೆ ಓರೆಯಾಗಿ ನಿಲ್ಲಿಸಿದ ಒಂದು ಕನ್ನಡಿ, ಅಷ್ಟೇ. ಇಷ್ಟು ವರ್ಷ ನಾವು ನೋಡಿದ್ದೆಲ್ಲ ಬರೀ ಕನ್ನಡಿಯೊಳಗಿನ ನೆರಳು. ಆ ಕನ್ನಡಿಯಲ್ಲಿ ಬಗ್ಗಿ ನೋಡಿದೆ. ನನ್ನ ಮುಖ ಕಂದು ಹಳದಿಯಾಗಿ ಕಂಡಿತು. ಬೆರಳಿನಿಂದ ಮೂಲೆಯನ್ನು ಸವರಿದರೆ ಅಂಟಂಟು. ಮೂಗಿನ ಹತ್ತಿರ ತಂದೆ: ಸಿಗರೇಟು. ಬಾರಿನಲ್ಲಿ ಕೂತು ಯಾರು ಯಾರೋ ಸೇದಿ ಬಿಟ್ಟ ಹೊಗೆಯೆಲ್ಲ ಆ ಪೆಟ್ಟಿಗೆಯೊಳಗೆ ಸೇರಿ, ಕನ್ನಡಿಗೂ ಮಸೂರಕ್ಕೂ ಮೆತ್ತಿಕೊಂಡು ಕೂತಿತ್ತು. ನಮ್ಮನೆಯವರು ಹೊಗಳುತ್ತಿದ್ದ ನ್ಯಾಚುರಲ್ ಕಲರ್ ಅದು.

ಅಮ್ಮನ ಹಳೆಯ ನೂಲಿನ ಸೀರೆ ಹರಿದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಕನ್ನಡಿಯನ್ನೂ ಮಸೂರಗಳನ್ನೂ ಗೀರು ಬೀಳದಂತೆ ಮೆತ್ತಗೆ ಒರೆಸಿದೆ. ಬಟ್ಟೆ ಚಹದ ಬಣ್ಣಕ್ಕೆ ತಿರುಗಿತು. ಇನ್ನೊಂದು ತುಂಡು, ಮತ್ತೊಂದು ತುಂಡು. ಕೊನೆಯ ತುಂಡು ಬೆಳ್ಳಗೇ ಉಳಿದ ಮೇಲೆ ಹಲಗೆ ಮುಚ್ಚಿ ಟೀವಿ ಹಾಕಿದೆವು. ವಾರ್ತೆ ಓದುವವನ ಅಂಗಿ ಬಿಳಿಯಾಗಿತ್ತು. ಎಷ್ಟು ಬಿಳಿ ಎಂದರೆ ಕಣ್ಣು ಕುಕ್ಕಿತು.

"ಈಗ ಹಚ್ಚು ಅವಳಿಗೆ" ಅಂದಳು ಅಮ್ಮ.

ಚಿಕ್ಕಮ್ಮ ಎಂದಿನಂತೆ ಫೋನನ್ನು ನೂಲಿನ ಡಬ್ಬಿಗೆ ಒರಗಿಸಿ ಕೂತಳು. ಬೆಳಗಿನ ಬಿಸಿಲು ಬಾಗಿಲಿಂದ ಅವಳ ಮೇಲೆ ಬೀಳುತ್ತಿತ್ತು. ನಾನು ವೈರು ಸುತ್ತಿಡುತ್ತಿದ್ದೆ, ಪರದೆಯ ಕಡೆ ನೋಡಿರಲಿಲ್ಲ. ಅಮ್ಮ ನಿಧಾನವಾಗಿ, ಲೆಕ್ಕ ಒಪ್ಪಿಸುವವಳಂತೆ ಹೇಳತೊಡಗಿದಳು.

"ಗೋಡೆ ಬೆಳ್ಳಗಾಯ್ತು. ಬಟ್ಟೆ ಸುರುಳಿ ಬೆಳ್ಳಗಾಯ್ತು. ಇವಳ್ಯಾಕೆ ಇನ್ನೂ ಅಂಗೇ ಅವ್ಳೆ?"

ತಲೆಯೆತ್ತಿ ನೋಡಿದೆ. ಗೋಡೆ ಹಾಲಿನ ಹಾಗಿತ್ತು. ಅದರ ಮುಂದೆ ಚಿಕ್ಕಮ್ಮನ ಮುಖ, ಕುತ್ತಿಗೆ, ತೊಡೆಯ ಮೇಲಿಟ್ಟ ಅಂಗೈ, ಎಲ್ಲ ಹಳದಿ. ವಾರವಿಡೀ ನಾನು ನೋಡಿದ್ದು ಇದನ್ನೇ. ಹೊಗೆಯ ಹಳದಿ ಯಾವುದು, ಅವಳ ಹಳದಿ ಯಾವುದು ಅಂತ ನನಗೆ ಗೊತ್ತಾಗಿರಲಿಲ್ಲ. ನಮ್ಮನೆಯವರು, "ಚಿಕ್ಕತ್ತೆ, ಅಲ್ಲಿ ಲೈಟು ಏನಾದ್ರೂ..." ಅಂತ ಶುರುಮಾಡಿ ನಿಲ್ಲಿಸಿಬಿಟ್ಟರು.

ಅವಳು ಮುಖ ಮರೆಸಿಕೊಳ್ಳುತ್ತಾಳೆ, ಫೋನು ಆರಿಸುತ್ತಾಳೆ ಅಂದುಕೊಂಡೆ. ಅದಲ್ಲ ಅವಳು ಮಾಡಿದ್ದು. ಫೋನನ್ನು ಕೈಗೆ ತೆಗೆದುಕೊಂಡು ಮುಖದ ಹತ್ತಿರಕ್ಕೆ ತಂದಳು. ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು ಹಿಡಿದಳು. ಐವತ್ತೊಂದು ಇಂಚಿನ ತುಂಬ ಒಂದೇ ಕಣ್ಣು. ಬಿಳಿ ಇರಬೇಕಾದ ಕಡೆಯೆಲ್ಲ ಅರಿಶಿನ. ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಟೀವಿ ಹಾಕುವಾಗ ಒಂದು ಕ್ಷಣ ಆ ಕಣ್ಣು ಬಂದೀತು ಅಂತ ಹೆದರುತ್ತೇನೆ.

"ಕಾರು ತರ್ಸಿ" ಅಂದಳು ಅಮ್ಮ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ತುದಿಗಾಲಲ್ಲಿ ನಿಲ್ಲಿಸುವ ಚಟ ನನಗಿಲ್ಲ. ಚಿಕ್ಕಮ್ಮ ಬದುಕಿದಳು. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕೀವಾಗಲು ಶುರುವಾಗಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆದರು. ಬಹಳ ಕಷ್ಟಪಟ್ಟಳು. ಈಗ ಮತ್ತೆ ಬ್ಲೌಸು ಹೊಲಿಯುತ್ತಾಳೆ, ಅಳತೆ ತಪ್ಪಿದವರ ಜೊತೆ ಜಗಳವನ್ನೂ ಆಡುತ್ತಾಳೆ. ಅದಲ್ಲ ನನ್ನನ್ನು ಬೆಚ್ಚಿಸಿದ್ದು. ಬೆಚ್ಚಿಸಿದ್ದು ಆ ಭಾನುವಾರ ಕಾರಿನಲ್ಲಿ ಕೇಳಿದ ಮಾತು.

ಪ್ಲಾಸ್ಟರಿನ ಕಾಲನ್ನು ಸೀಟಿನ ಮೇಲೆ ಉದ್ದಕ್ಕೆ ಚಾಚಿಕೊಂಡು ಅಮ್ಮನೂ ಬಂದಳು, ಬೇಡವೆಂದರೆ ಕೇಳಲಿಲ್ಲ. ಪಾವಗಡ ಮುಟ್ಟಿದಾಗ ಚಿಕ್ಕಮ್ಮ ತಲೆ ಬಾಚಿಕೊಂಡು, ಬೀಗ ಹಾಕಿ, ಕೈಚೀಲ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ತೋಳುಗಳು ಕಡ್ಡಿಯಾಗಿದ್ದವು. ಅದು ಯಾವ ಟೀವಿಯಲ್ಲೂ ಕಂಡಿರಲಿಲ್ಲ. ಅಮ್ಮನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ನಾನು ಡ್ರೈವರ್ ಪಕ್ಕ. ಜೊತೆಗೆ ಬಂದಿದ್ದ ನಮ್ಮನೆಯವರು ಕಾರಿನಲ್ಲಿ ಜಾಗ ಸಾಲದೆ, ಹಿಂದಿನಿಂದ ಬಸ್ಸಿನಲ್ಲಿ ಬರುತ್ತೇನೆ ಅಂತ ಪಾವಗಡದಲ್ಲೇ ಉಳಿದರು.

ದಾರಿಯಲ್ಲಿ ಮಿಡಿಗೇಶಿ ದಾಟುವವರೆಗೂ ಅಮ್ಮ ಬೈದಳು. "ನಿನ್ ಬಾಯಿಗೇನಾಗಿತ್ತೆ? ದಿನಾ ಮಾತಾಡ್ತಿದ್ಯಲ್ಲ, ಒಂದಿನ ಹೇಳಕ್ಕೇನಾಗಿತ್ತು?"

ಚಿಕ್ಕಮ್ಮ ತೊಡೆಯ ಮೇಲಿನ ಪ್ಲಾಸ್ಟರಿನ ಕಾಲನ್ನು ಸರಿಯಾಗಿ ಇಟ್ಟುಕೊಂಡಳು. ಆಮೇಲೆ ಹೇಳಿದಳು. ಗಡಿಯಾಚೆಯ ಒಂದು ಹಳ್ಳಿಯಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವವರಿದ್ದಾರಂತೆ. ಭಾನುವಾರ ಭಾನುವಾರ ಅಲ್ಲಿಗೆ ಹೋಗುತ್ತಿದ್ದಳಂತೆ, ಈ ವಾರ ಮಾತ್ರ ಹೋಗಿರಲಿಲ್ಲ. ಉಪ್ಪು ಎಣ್ಣೆ ಇಲ್ಲದೆ ಮಜ್ಜಿಗೆ ಅನ್ನ ಉಣ್ಣಬೇಕು, ವಾಸಿಯಾಗುವವರೆಗೂ ಯಾರಿಗೂ ಹೇಳಬಾರದು. ಹೇಳಿದರೆ ಔಷಧಿ ಹತ್ತುವುದಿಲ್ಲ.

"ಹತ್ತಲ್ಲ ಅಂತ ಆಮೇಲಾಮೇಲೆ ನಂಗೂ ಗೊತ್ತಾಯ್ತಕ್ಕಾ. ಆದ್ರೂ ಬಾಯಿಬುಟ್ಟು ಹೇಳಕ್ಕೆ ಭಯ. ಇರೋದೂ ಕೆಟ್ಬುಟ್ರೆ ಅಂತ. ಯಾರಾದ್ರೂ ತಾವಾಗೇ ನೋಡಿದ್ರೆ ನಾನು ಹೇಳ್ದಂಗಾಗಲ್ವಲ್ಲ. ನೀನು ಟೀವೀಲಿ ನೋಡ್ತೀನಿ ಅಂದ್ಯಲ್ಲ, ಅದಕ್ಕೇ ದಿನಾ ಬಂದು ಕೂತೆ."

ನಾನು ತಿರುಗಿ ನೋಡಿದೆ. ದಿನಾ ಸಂಜೆ ಅವಳು ಸುಮ್ಮನೆ ಕೂತು ನಮಗೆ ತೋರಿಸುತ್ತಿದ್ದಳು, ನಾವು ಮದುವಣಗಿತ್ತಿ ಅಂತ ನಗುತ್ತಿದ್ದೆವು.

ಅಮ್ಮ ಕೈ ಚಾಚಿ ತಂಗಿಯ ಮುಖವನ್ನು ತಡಕಿದಳು. "ಹುಚ್ಚು ಮುಂಡೇದೆ, ಕಣ್ಣು ಕಾಣ್ದಿರೋಳ ಮುಂದೆ ತೋರಿಸ್ಕೊಂಡು ಕೂತಿದ್ಯಲ್ಲೇ."

"ಇನ್ಯಾರಕ್ಕಾ ನನ್ ಮುಖ ನೋಡೋರು" ಅಂದಳು ಚಿಕ್ಕಮ್ಮ.