ಆರು ಚುಕ್ಕಿ, ಒಂದು ಬಿಳಿ ಗೋಡೆ

ಅಕ್ಕ ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಡಯಲ್ ಮೇಲೆ ಕುಂಚದಿಂದ ಅಂಕಿ ಬರೆದವಳು. ಉಸಿರು ಬಿಗಿಹಿಡಿದು ಒಂದು ಗೆರೆ, ಉಸಿರು ಬಿಟ್ಟು ಇನ್ನೊಂದಕ್ಕೆ ತಯಾರಿ. ಒಂದು ದಿನ ಅಂಕಿ ಅಚ್ಚು ಹಾಕುವ ಯಂತ್ರ ಬಂತು. ಅದನ್ನಿಡಲು ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ಕಿಟಕಿ ಪಕ್ಕದಲ್ಲಿದ್ದ ಅಕ್ಕನ ಮೇಜನ್ನೇ ಎತ್ತಿಸಿದರು. "ನಿಮ್ ಕಣ್ಣು ಮಂಜಾಗ್ತಿದೆ ಕಣಮ್ಮ, ಮನೇಲಿ ಆರಾಮಾಗಿರಿ" ಎಂದ ಮೇಲ್ವಿಚಾರಕ. ಕೆಲಸ ಹೋದದ್ದಕ್ಕಿಂತ ಆ ಮಾತು ಅವಳಿಗೆ ಹೆಚ್ಚು ನಾಟಿತು. ಅಂದಿನಿಂದ ಸೂಜಿಗೆ ದಾರ ಪೋಣಿಸುವಾಗಲೂ ಅವಳಿಗೆ ತನ್ನ ಕಣ್ಣಿನ ಮೇಲೆ ಅನುಮಾನ.

ತಮ್ಮನಿಗೆ ಮನೆಯ ಮುಂದಿನ ಕೋಣೆಯಲ್ಲೇ ಕ್ಯಾಮೆರಾ ರಿಪೇರಿ ಅಂಗಡಿ. ಕೈಯಲ್ಲಿ ಕಸುಬು ಇದ್ದದ್ದು ನಿಜ, ಬಾಯಲ್ಲಿ ಅದರ ಎರಡರಷ್ಟಿತ್ತು. ಆ ಶನಿವಾರ ಮಧ್ಯಾಹ್ನ ಹಳೇ ಕಟ್ಟಡಗಳ ಫೋಟೋ ತೆಗೆಯುವ ಮೇಡಂ ಒಬ್ಬರು ರೇಂಜ್‌ಫೈಂಡರ್ ಎಂಬ ಬಗೆಯ ಕ್ಯಾಮೆರಾ ಹಿಡಿದು ಬಂದರು. ಕ್ಯಾಮೆರಾ ಒಂದು ಕಂಪನಿಯದು, ಲೆನ್ಸ್ ಇನ್ನೊಂದರದು. ಸ್ವಂತ ಕಂಪನಿಯ ಲೆನ್ಸ್ ಆದರೆ ಅದರ ಹಿಂದಿನ ಲೋಹದ ಬಳೆಯ ಮೇಲೆ ಕಪ್ಪು ಬಿಳುಪಿನ ಆರು ಚುಕ್ಕಿ ಇರುತ್ತವೆ. ಕ್ಯಾಮೆರಾ ಅವನ್ನು ಓದಿ, ಬಂದದ್ದು ಯಾವ ಲೆನ್ಸ್ ಎಂದು ಗುರುತು ಹಿಡಿದು, ಚಿತ್ರದ ಅಂಚಿನ ಬಣ್ಣ ತಿದ್ದಿಕೊಳ್ಳುತ್ತದೆ. ಚುಕ್ಕಿ ಇಲ್ಲದ ಲೆನ್ಸನ್ನು ಜಪ್ಪಯ್ಯ ಅಂದರೂ ಗುರುತಿಸುವುದಿಲ್ಲ.

"ಬಿಳೀ ಗೋಡೆ ತೆಗೆದ್ರೆ ಮೂಲೆಗಳು ಹಸಿರು ಬರ್ತಿವೆ ರೀ," ಎಂದರು ಮೇಡಂ. "ನಾಳೆ ಒಂದೇ ದಿನ ಹಳೇ ಗ್ರಂಥಾಲಯದೊಳಗೆ ಬಿಡ್ತಾರೆ. ಸೋಮವಾರ ಕೆಡವ್ತಾರೆ."

"ಚುಕ್ಕಿ ತಾನೇ? ಚಿಟಿಕೆ ಹೊಡೆಯೋದ್ರಲ್ಲಿ ಮುಗೀತು!" ಎಂದ ತಮ್ಮ. ಬಳೆಯಲ್ಲಿ ಸಾಸಿವೆಗಿಂತ ಸಣ್ಣ ಆರು ಗುಳಿ ಕೊರೆದದ್ದೇನೋ ಅಚ್ಚುಕಟ್ಟಾಗಿಯೇ ಇತ್ತು. ಬಣ್ಣ ತುಂಬುವಾಗ ಮಾತ್ರ ಬಂಡವಾಳ ಬಯಲಾಯಿತು. ಬಿಳಿ ಉಕ್ಕಿ ಪಕ್ಕದ ಗುಳಿಗೆ ಹರಿಯಿತು. ಒರೆಸಿದ, ಮತ್ತೆ ತುಂಬಿದ, ಮತ್ತೆ ಹರಿಯಿತು. ಮೂರನೇ ಸಲ ಕುಂಚದ ಮೇಲೆಯೇ ರೇಗಿದ. ಕುಣಿಯಲಾರದವಳಿಗೆ ನೆಲ ಡೊಂಕು.

ಚಹಾ ಹಿಡಿದು ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಕೊಡೋ ಇಲ್ಲಿ," ಎಂದಳು. ಅಂದ ಮೇಲೆ ಅವಳಿಗೇ ಭಯವಾಯಿತು.

ಒಳಗಿಂದ ತನ್ನ ಹಳೇ ಕುಂಚ ತಂದಳು. ಅದರಲ್ಲಿ ಉಳಿದಿದ್ದದ್ದು ನಾಲ್ಕೈದು ಎಳೆ. ಉಸಿರು ಹಿಡಿದು ಒಂದು ಹನಿ ಇಳಿಸಿದಳು. ಗುಳಿ ತುಂಬಿತು, ಉಕ್ಕಲಿಲ್ಲ. ಬಣ್ಣ ಕೂದಲೆಳೆಯಷ್ಟು ಮೇಲೆದ್ದರೂ ಲೆನ್ಸ್ ತಿರುಗಿಸುವಾಗ ಕಿತ್ತುಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರೂ ಮುಗಿದಾಗ ತಮ್ಮ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದ. ಅವನ ಮಟ್ಟಿಗೆ ಅದು ದೊಡ್ಡ ಸನ್ಮಾನ.

ಬಣ್ಣ ಒಣಗಿದ ಮೇಲೆ ಲೆನ್ಸ್ ಕೂರಿಸಿದರು. ಕ್ಯಾಮೆರಾ ಅದನ್ನು ಸ್ವಂತ ಮನೆಯದೆಂದೇ ನಂಬಿತು. ಮೇಡಂ ಎದುರಿನ ಬಿಳಿ ಗೋಡೆಯ ಚಿತ್ರ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದರು.

"ನೋಡಿ, ಹಾಲಿನ ಹಾಗಿದೆ!" ಎಂದ ತಮ್ಮ.

"ಮೂಲೆ ಇನ್ನೂ ಹಸಿರಿದೆ," ಎಂದಳು ಅಕ್ಕ.

ಮೇಡಂ ಬಗ್ಗಿ ನೋಡಿದರು. "ನನಗೇನೂ ಕಾಣ್ತಿಲ್ಲಮ್ಮ."

"ಅಕ್ಕ, ಕಂಪನಿ ಲೆನ್ಸುಗಳ ಪಟ್ಟಿ ನೋಡೇ, ಇದಕ್ಕೆ ಹತ್ತಿರ ಇರೋದರ ಚುಕ್ಕಿ ಹಾಕ್ಸಿದೀನಿ. ನಿನ್ ಕಣ್ಣಿಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಕ್ಕನ ಮುಖ ಸಣ್ಣದಾಯಿತು. ಮೇಲ್ವಿಚಾರಕ ಹೇಳಿದ್ದೇ ನಿಜವಿರಬಹುದೆ? ಹೌದಪ್ಪ, ನಂಗೇ ಹಾಗೆ ಕಂಡಿದ್ದು ಅಂದುಬಿಟ್ಟರೆ ಎಲ್ಲರೂ ನೆಮ್ಮದಿಯಾಗಿ ಚಹಾ ಕುಡಿಯಬಹುದಿತ್ತು. ಅವಳು ಇನ್ನೊಮ್ಮೆ ನೋಡಿದಳು. ಹಸಿರು ಅಲ್ಲೇ ಇತ್ತು.

"ಮೂಲೆ ಕತ್ತರಿಸಿ ನಡುವಿನ ಪಕ್ಕ ಇಡೋಕಾಗುತ್ತಾ?" ಎಂದು ಕೇಳಿದಳು.

ಮೇಡಂ ಹಾಗೇ ಮಾಡಿದರು. ಒಂದು ತುಂಡು ಬಿಳಿ. ಪಕ್ಕದ್ದು, ತೆಳುವಾಗಿ, ಹಸಿರು.

"ಅಯ್ಯೋ, ಹೌದಲ್ಲಮ್ಮ!"

ತಮ್ಮ ತಲೆ ಕೆರೆದುಕೊಂಡ. "ಇನ್ನೂ ಅಗಲ ನೋಡೋ ಲೆನ್ಸಿನ ಚುಕ್ಕಿ ಹಾಕಿದ್ರೆ ಅಂಚನ್ನ ಇನ್ನೂ ಜಾಸ್ತಿ ತಿದ್ದುತ್ತೆ. ಆದ್ರೆ ಅದು ಸುಳ್ಳಲ್ವಾ? ಇದು ಆ ಲೆನ್ಸೇ ಅಲ್ಲ."

"ಈಗ ಹಾಕಿರೋದು ಮಾತ್ರ ಏನು ಸತ್ಯಾನೇನೋ? ಎರವಲು ಹೆಸರು ತಾನೇ! ಗೋಡೆ ಬಿಳಿ ಬಂದ್ರಾಯ್ತು," ಎಂದಳು ಅಕ್ಕ.

ಎರಡು ಬಿಳಿ ಚುಕ್ಕಿ ಕಪ್ಪಾಗಬೇಕಿತ್ತು. ಮೇಲೆ ಬಳಿದರೆ ಉಬ್ಬುತ್ತದೆಂದು ಅಕ್ಕ ಸೂಜಿಮೊನೆಯಿಂದ ಬಿಳಿಯನ್ನು ಪೂರ್ತಿ ಕೆರೆದು ತೆಗೆದು ಹೊಸದಾಗಿ ತುಂಬಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೂಜಿ ಸ್ವಲ್ಪ ಜಾರಿದ್ದರೂ ಪಕ್ಕದ ಚುಕ್ಕಿ ಹೋಗುತ್ತಿತ್ತು. ಜಾರಲಿಲ್ಲ. ಈ ಸಲ ಮೂಲೆಯ ತುಂಡನ್ನೂ ನಡುವಿನ ತುಂಡನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ಮೇಡಂಗೇ ಗೊತ್ತಾಗಲಿಲ್ಲ.

ಸೋಮವಾರ ಸಂಜೆ ಅವರು ದೊಡ್ಡದೊಂದು ಫೋಟೋ ತಂದುಕೊಟ್ಟರು. ಗ್ರಂಥಾಲಯದ ಓದುಕೋಣೆ: ಖಾಲಿ ಬೆಂಚುಗಳು, ಎತ್ತರದ ಗೋಡೆ, ಮೂಲೆಯವರೆಗೂ ಬಿಳಿ.

"ಗೋಡೆ ಬೆಳಿಗ್ಗೆ ಬಿತ್ತು ಅಮ್ಮ. ಉಳಿದಿರೋದು ಇದೇ."

ಅಕ್ಕ ಫೋಟೋದ ಮೂಲೆಯನ್ನೇ ನೋಡುತ್ತ ನಿಂತಳು. ಹಿಂದೆ ದರದರ ಸದ್ದಾಯಿತು. ತಿರುಗಿ ನೋಡಿದರೆ, ತಮ್ಮ ಕಿಟಕಿ ಪಕ್ಕದ ತನ್ನ ಮೇಜನ್ನು ಗೋಡೆಯ ಕಡೆಗೆ ಎಳೆಯುತ್ತಿದ್ದ.

"ಏನೋ ಮಾಡ್ತಿದೀಯ?"

"ನನಗೆ ಬಲ್ಬ್ ಸಾಕು. ಈ ಜಾಗ ನಿಂಗೆ," ಎಂದು ಕಿಟಕಿಯ ಕೆಳಗೆ ಒಂದು ಸಣ್ಣ ಮೇಜು, ಕುರ್ಚಿ ಹಾಕಿದ.

ಅಕ್ಕ ಕೂತಳು.

"ಎತ್ತರ ಜಾಸ್ತಿ ಆಯ್ತು ಕಣೋ," ಎಂದಳು. "ನಾಳೆ ಕುರ್ಚಿ ಕಾಲು ಕುಯ್ಯಿಸು."