ಒಂದು ಮೊಳ ದೂರ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ, ಅಮ್ಮನ ತಮ್ಮ. ಕಾಪುವಿನಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಹೂ ಕಟ್ಟಲು ಬಾಳೆನಾರು ನೆನೆಹಾಕುತ್ತಿದ್ದಳು. ಮಾವ ಕಂಬಕ್ಕೆ ಒರಗಿ ಕುಳಿತಿದ್ದರು.

“ಡಿಗ್ರಿಯಾ? ನಮ್ಮ ಮನೆಯಿಂದಲಾ? ಆಗುವ ಮಾತು ಹೇಳು ಅಕ್ಕ. ಪಿಯುಸಿ ಆಯಿತಲ್ಲ, ಯಾವುದಾದರೂ ಅಂಗಡಿಯಲ್ಲಿ ಬಿಲ್ ಹಾಕಲಿಕ್ಕೆ ಕೂರಲಿ.”

ಅಮ್ಮ ತಲೆ ಎತ್ತಲಿಲ್ಲ. “ನೀನು ಗಲ್ಫಿಗೆ ಹೋಗುವಾಗಲೂ ಊರಿನವರು ಹೀಗೇ ಹೇಳಿದ್ದು. ಹೋಗಿ ಬಂದೆಯಲ್ಲ. ಎಂತ ತಂದೆ? ಒಂದು ಕ್ಯಾಮೆರಾ.”

ಆ ಕ್ಯಾಮೆರಾ ನಮ್ಮ ಮನೆಯ ಹಳೆಯ ತಮಾಷೆ. ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಮಾವ ಅದನ್ನು ಬಟ್ಟೆಯಲ್ಲಿ ಸುತ್ತಿ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಅಕ್ಕಿ ತೆಗೆಯುವಾಗಲೆಲ್ಲ ಅಮ್ಮನ ಪಾವಿಗೆ ಅದು ತಾಗುತ್ತಿತ್ತು. ಬೂಷ್ಟು ಹಿಡಿಯಲಿಲ್ಲ, ನಿಜ. ಆದರೆ ಉದ್ದದ ಝೂಮ್ ಲೆನ್ಸನ್ನು ಎಳೆದರೆ ಇವತ್ತಿಗೂ ಒಳಗೆ ತೌಡಿನ ಪುಡಿ ಕರಕರ ಎನ್ನುತ್ತದೆ.

ನಾನು ನಮ್ಮ ಮನೆಯ ಮೊದಲ ಪದವೀಧರೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮೊದಲು ಯಾರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನನಗೆ ನೆನಪು ಮೂಡುವ ಮೊದಲೇ ತೀರಿಹೋಗಿದ್ದರು. ಕಾರ್ಕಳದ ಕಾಲೇಜಿಗೆ ನಾನು ದಿನಾ ಬಸ್ಸಿನಲ್ಲಿ ಹೋಗಿ ಬಂದದ್ದು ಅಮ್ಮನ ಮಲ್ಲಿಗೆ ಗಿಡಗಳ ಬಲದಿಂದ.

ಕೊನೆಯ ವರ್ಷ ಪ್ರಾಣಿಶಾಸ್ತ್ರಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಮಲ್ಲಿಗೆ ಮೊಗ್ಗು ಕೊರೆಯುವ ಹುಳವನ್ನು ಆರಿಸಿಕೊಂಡೆ. ಅಮ್ಮ ಜೀವನವಿಡೀ ಜಗಳವಾಡಿದ್ದು ಅದರ ಜೊತೆಯಲ್ಲೇ. ನಮ್ಮ ಉಪನ್ಯಾಸಕಿಯ ಷರತ್ತು ಒಂದೇ: ಫೋಟೊ ಇಂಟರ್ನೆಟ್ಟಿನದ್ದಾಗಬಾರದು, ನೀನೇ ತೆಗೆದಿರಬೇಕು. ಹುಳ ಒಂದು ಮೊಗ್ಗನ್ನು ತಿಂದು ಮುಗಿಸಿ ಪಕ್ಕದ ಮೊಗ್ಗಿಗೆ ದಾಟುವುದು ಕಾಣಬೇಕು. ಅದು ಸಿಗದಿದ್ದರೆ ಪ್ರಾಜೆಕ್ಟ್ ಅರ್ಧವೇ. ಅರ್ಧ ಪ್ರಾಜೆಕ್ಟಿಗೆ ಪಾಸಿಲ್ಲ, ಮುಂದಿನ ವರ್ಷದವರ ಜೊತೆ ಮತ್ತೆ ಬರಬೇಕು.

ಉಡುಪಿಯ ಒಂದು ಹಳೆಯ ಸ್ಟುಡಿಯೋಗೆ ಕ್ಯಾಮೆರಾ ತೆಗೆದುಕೊಂಡು ಹೋದೆ. ಅಲ್ಲಿ ಮ್ಯಾಕ್ರೋ ಲೆನ್ಸಿನ ಬೆಲೆ ಕೇಳಿ, ಗಾಜಿನ ಕಪಾಟಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಸ್ಟುಡಿಯೋದವರು ನನ್ನ ಮುಖ ನೋಡಿ ಡ್ರಾಯರ್ ತಡಕಾಡಿ ಬಿಲ್ಲೆಯಂಥ ದಪ್ಪ ಗಾಜೊಂದನ್ನು ತೆಗೆದರು.

“ಕ್ಲೋಸ್ ಅಪ್ ಲೆನ್ಸ್. ಫಿಲ್ಟರ್ ಹಾಗೆ ನಿಮ್ಮ ಝೂಮಿನ ಮುಂದೆ ತಿರುಗಿಸಿ ಹಾಕುವುದು. ಎರಡು ಗಾಜು ಅಂಟಿಸಿದ್ದು, ಹಾಗಾಗಿ ಅಂಚಿನಲ್ಲಿ ಬಣ್ಣ ಒಡೆಯುವುದಿಲ್ಲ. ನಿಮ್ಮ ಲೆನ್ಸಿನ ಬಾಯಿಗೆ ಇದು ಸಣ್ಣದು, ಮಧ್ಯೆ ಒಂದು ರಿಂಗ್ ಬೇಕು. ಝೂಮ್ ಪೂರ್ತಿ ಎಳೆದೇ ತೆಗೆಯಿರಿ, ಇಲ್ಲದಿದ್ದರೆ ಮೂಲೆಯೆಲ್ಲ ಕಪ್ಪು.”

“ಹುಳ ಕಾಣ್ತದಾ?”

“ಹುಳದ ಕಣ್ಣೂ ಕಾಣ್ತದೆ ಮಾರಾಯ್ತಿ. ಆದರೆ ದೂರದ್ದು ಏನೂ ಕಾಣುವುದಿಲ್ಲ. ಇದು ಹಾಕಿದರೆ ಒಂದೂವರೆ ಅಡಿ ಆಚೆ ನಿಮಗೆ ಲೋಕವೇ ಇಲ್ಲ ಅಂತ ತಿಳ್ಕೊಳ್ಳಿ.”

ಅವರು ಹೇಳಿದ್ದು ಸರಿಯಾಗಿತ್ತು. ಲೆನ್ಸಿನ ಫೋಕಸನ್ನು ದೂರಕ್ಕೆ ಇಟ್ಟು ಆ ಗಾಜನ್ನು ತೊಡಿಸಿದರೆ ಸ್ಪಷ್ಟವಾಗುವುದು ಒಂದೇ ಒಂದು ದೂರ. ತುಸು ಮುಂದೆ ಹೋದರೂ ಮಂಜು, ತುಸು ಹಿಂದೆ ಸರಿದರೂ ಮಂಜು. ಫೋಕಸ್ ತಿರುಗಿಸಿ ಪ್ರಯೋಜನವಿಲ್ಲ, ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬೇಕು. ಮೊದಲ ದಿನ ನಾನು ಪರದಾಡುವುದನ್ನು ನೋಡಿ ಅಮ್ಮ ಹೂವಿನ ಬುಟ್ಟಿ ಕೆಳಗಿಟ್ಟು ಬಂದಳು. ಮೊಣಕೈಯನ್ನು ಲೆನ್ಸಿನ ಅಂಚಿಗೆ ತಾಗಿಸಿ, ಬೆರಳ ತುದಿಯನ್ನು ಮೊಗ್ಗಿಗೆ ಚಾಚಿದಳು.

“ಒಂದು ಮೊಳ ಅಲ್ವಾ? ಅದಕ್ಕೆ ಇಷ್ಟು ಒದ್ದಾಟವಾ?”

ಅಂದಿನಿಂದ ಅಮ್ಮನ ಕೈಯೇ ನನ್ನ ಅಳತೆ. ಅವಳು ಕೈ ಚಾಚುವಳು, ನಾನು ನಿಲ್ಲುವೆ, ಅವಳು ಕೈ ತೆಗೆದ ಕೂಡಲೇ ಒತ್ತುವೆ. ಒಂದು ಹುಳದ ಫೋಟೊವನ್ನು ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದಾಗ ತುಂಬ ಹೊತ್ತು ನೋಡಿದಳು. “ಇಷ್ಟು ಚಂದ ಉಂಟಾ ಇದು? ಇದನ್ನಾ ನಾನು ಉಗುರಿನಲ್ಲಿ ಒತ್ತಿ ಕೊಲ್ಲುವುದು?” ಎಂದಳು. ಆಮೇಲೆ ಎದ್ದುಹೋಗಿ ಅದೇ ಹುಳವನ್ನು ಹುಡುಕಿ ಒತ್ತಿ ಹಾಕಿದಳು.

ತೊಂದರೆ ಇದ್ದದ್ದು ಅಲ್ಲೇ. ಹುಳ ಒಂದು ಮೊಗ್ಗಿನಿಂದ ಇನ್ನೊಂದಕ್ಕೆ ದಾಟಬೇಕಾದರೆ ಗಿಡವನ್ನು ಕೆಲವು ದಿನ ಕೊಯ್ಯದೆ ಬಿಡಬೇಕು. ಅಮ್ಮ ಬಿಡುವವಳಲ್ಲ. ನಮ್ಮಲ್ಲಿ ಬಿಸಿಲೇರುವ ಮೊದಲೇ ಮೊಗ್ಗೆಲ್ಲ ಕೊಯ್ದು, ಕಟ್ಟಿ, ಹೂವಿನವರ ಗಾಡಿಗೆ ಕೊಟ್ಟಾಗಬೇಕು. ಜ್ವರ ಬಂದರೂ, ಮಳೆ ಬಂದರೂ ಅಮ್ಮ ಇದನ್ನು ತಪ್ಪಿಸಿದವಳಲ್ಲ. ಗಿಡದಲ್ಲೇ ಹೂ ಅರಳಿತೆಂದರೆ ಆ ಮನೆಯ ಹೆಂಗಸು ಮಲಗಿದ್ದಾಳೆ ಎಂದು ಅವಳ ಲೆಕ್ಕ.

“ಒಂದೇ ಒಂದು ಗಿಡ ಬಿಡಮ್ಮ.”

“ಹುಳಕ್ಕೆ ಗಿಡ ಕೊಟ್ಟು ಸಾಕಲಿಕ್ಕೆ ನನಗೆ ತಲೆ ಸರಿ ಇಲ್ವಾ?”

ಆ ಬೇಸಿಗೆಯಲ್ಲಿ, ಗಿಡಗಳು ಮೈತುಂಬ ಮೊಗ್ಗು ಬಿಡುವ ಸಮಯದಲ್ಲೇ ಅಮ್ಮ ಮಲಗಿದಳು. ಗ್ಯಾಸ್ಟ್ರಿಕ್ ಎಂದುಕೊಂಡು ಕಷಾಯ ಕುಡಿಯುತ್ತ ಕಳೆದ ತಿಂಗಳುಗಳಲ್ಲಿ ಕಾಯಿಲೆ ಹೊಟ್ಟೆಯಿಡೀ ಹಬ್ಬಿತ್ತು. ಮಣಿಪಾಲದ ಆಸ್ಪತ್ರೆಯ ವಾರ್ಡಿನಲ್ಲಿ ನಾನು ಅವಳ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಬೆಳಿಗ್ಗೆ ಮಾವ ಗಂಜಿ ತರುವರು. ಅವರ ಮುಖ ಕಂಡದ್ದೇ ಅಮ್ಮನದು ಒಂದೇ ಪ್ರಶ್ನೆ.

“ಗಿಡ ಕೊಯ್ದಾಯಿತಾ?”

“ಕೊಯ್ದಾಯಿತು ಅಕ್ಕ. ನಾನೇ ಕೊಯ್ದದ್ದು.”

“ನೀನಾ? ಹಾಗಾದರೆ ಗಿಡದಲ್ಲಿ ಎಲೆಯೂ ಉಳಿದಿರಲಿಕ್ಕಿಲ್ಲ.”

ಪಕ್ಕದ ಮಂಚದವರೂ ನಕ್ಕರು. ಅಮ್ಮ ನಕ್ಕದ್ದನ್ನು ನಾನು ಕೊನೆಯದಾಗಿ ನೋಡಿದ್ದು ಅಂದೇ. ಮಾವ ಪಾತ್ರೆ ತೊಳೆಯಲು ಹೋದಾಗ ನನ್ನನ್ನು ಹತ್ತಿರ ಕರೆದಳು. ಡ್ರಿಪ್ ಹಾಕಿದ ಕೈಯನ್ನು ಎತ್ತಲು ಹೋಗಿ ಆಗದೆ ಬಿಟ್ಟಳು.

“ಮೂಲೆಯ ಗಿಡ ನಿನಗೆ. ಫೋಟೊಕ್ಕೆ. ಒಂದೇ, ಗೊತ್ತಾಯಿತಾ? ಉಳಿದದ್ದು ಮುಟ್ಟಬಾರದು.”

ಅವಳು ಬಿಟ್ಟುಕೊಟ್ಟದ್ದು ಒಂದು ಗಿಡ. ನನಗೆ ಸಿಕ್ಕಿದ್ದು ತೋಟ ಪೂರ್ತಿ.

ಸೂತಕದ ಮನೆಯ ಹೂವನ್ನು ದೇವರಿಗೆ ಏರುವ ಹೂವಿನ ಜೊತೆ ಸೇರಿಸುವುದಿಲ್ಲ. ಅಮ್ಮನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಹೂವಿನ ಗಾಡಿ ನಮ್ಮ ಬೇಲಿಯ ದಣಪೆಯ ಮುಂದೆ ನಿಲ್ಲಲಿಲ್ಲ. ಯಾರೂ ಗಿಡ ಮುಟ್ಟಲಿಲ್ಲ. ಸೂತಕದ ನಾಲ್ಕನೆಯ ದಿನ ಸಂಜೆ ನೆಂಟರು ಹೊರಟುಹೋದ ಮೇಲೆ ಹಿತ್ತಿಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ತೋಟವಿಡೀ ಬೆಳ್ಳಗೆ ಅರಳಿತ್ತು. ಮೊಗ್ಗು ಎಷ್ಟು ಬೇಕಾದರೂ ನೋಡಿದ್ದೆ, ಕಟ್ಟಿದ್ದೆ. ನಮ್ಮ ಗಿಡದಲ್ಲೇ ಅರಳಿ ನಿಂತ ಮಲ್ಲಿಗೆಯನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು ಅಮ್ಮ ಹೋದ ಮೇಲೆ.

ಪ್ರಾಜೆಕ್ಟ್ ಕೊಡುವ ದಿನ ಹತ್ತಿರವಿತ್ತು. ಮರುದಿನ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಟವಳನ್ನು ಮಾವ ಬಾಗಿಲಲ್ಲೇ ತಡೆದರು.

“ಈಗ ಎಂತದು ಅದು? ಜನ ನೋಡಿದರೆ ಎಂತ ಹೇಳಲಿಕ್ಕಿಲ್ಲ? ಅಮ್ಮ ಹೋಗಿ ವಾರ ಆಗಲಿಲ್ಲ, ಮಗಳು ಹೂವಿನ ಫೋಟೊ ತೆಗೀತಾಳೆ ಅಂತ. ಈ ವರ್ಷ ಆಗುವುದಿಲ್ಲ, ಬಿಡು.”

“ಅಮ್ಮನೇ ಒಂದು ಗಿಡ ಕೊಟ್ಟಿದ್ದಾಳೆ ಮಾವ. ಆ ಒಂದನ್ನೇ ತೆಗೆಯುತ್ತೇನೆ.”

ಅವರು ಬಾಗಿಲು ಬಿಟ್ಟು ಸರಿದರು.

ಮೂಲೆಯ ಗಿಡದ ಮುಂದೆ ಮೊಣಕಾಲೂರಿ ಕುಳಿತೆ. ನೇರಳೆಗೆ ತಿರುಗಿದ ಒಂದು ಮೊಗ್ಗಿನಲ್ಲಿ ಸೂಜಿ ಚುಚ್ಚಿದಂಥ ತೂತು. ಎಷ್ಟೇ ಮಾಡಿದರೂ ಅಂತರ ಸಿಗಲಿಲ್ಲ. ಮಧ್ಯೆ ಚಾಚಲು ಆ ಕೈ ಇಲ್ಲವಲ್ಲ. ಕೊನೆಗೆ ನನ್ನದೇ ಮೊಣಕೈಯನ್ನು ಲೆನ್ಸಿಗೆ ತಾಗಿಸಿ ನೋಡಿದೆ. ನನ್ನ ಮೊಳ ಅಮ್ಮನದಕ್ಕಿಂತ ಗಿಡ್ಡ. ಬೆರಳು ಮೊಗ್ಗಿನವರೆಗೆ ಮುಟ್ಟಲಿಲ್ಲ. ಉಳಿದ ಚೂರನ್ನು ಅಂದಾಜಿನಲ್ಲಿ ಸೇರಿಸಿ ಹಿಂದೆ ಸರಿದು ಕಾದೆ.

ಬಿಸಿಲೇರಿತು. ಬೆಳಕು ತೀಕ್ಷ್ಣವಾಗಿ ಬಿಳಿ ಎಸಳೆಲ್ಲ ಸುಟ್ಟಂತೆ ಕಾಣತೊಡಗಿತು. ಇನ್ನು ಪ್ರಯೋಜನವಿಲ್ಲ ಎಂದುಕೊಳ್ಳುವಾಗ ಗಿಡದ ಮೇಲೆ ಮೆದುವಾದ ನೆರಳು ಬಿತ್ತು. ಮಾವ ಬಟ್ಟೆ ಒಣಹಾಕುವ ಹಗ್ಗದಿಂದ ತಮ್ಮ ಬಿಳಿ ಮುಂಡುಪಂಚೆ ತಂದು, ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತಿದ್ದರು. ಮುಖ ಬೇರೆ ಕಡೆಗೆ ತಿರುಗಿಸಿದ್ದರು.

“ಎಷ್ಟು ಹೊತ್ತು ಹಿಡಿಯಬೇಕು?”

“ಗೊತ್ತಿಲ್ಲ ಮಾವ. ಅದು ಹೊರಗೆ ಬರುವವರೆಗೆ.”

ಅವರು ಮುಂಡನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.

ಹುಳ ತಲೆ ಹೊರಹಾಕಿತು. ಕಾಣುವುದೋ ಇಲ್ಲವೋ ಎಂಬಂಥ ನೂಲು ಬಿಡುತ್ತ ಪಕ್ಕದ ಮೊಗ್ಗಿಗೆ ಚಾಚಿತು. ನಾನು ಉಸಿರು ಕಟ್ಟಿ ಒತ್ತಿದೆ, ಮತ್ತೆ ಒತ್ತಿದೆ. ಆ ಫೋಟೊದಲ್ಲಿ ಹುಳ ಎಷ್ಟು ಸ್ಪಷ್ಟವೆಂದರೆ ಮೈಮೇಲಿನ ರೋಮವನ್ನೂ ನೋಡಬಹುದು. ಅದರ ಹಿಂದೆ ಮಸುಕಾಗಿ ಒಂದು ಕೆಂಪು ಬಣ್ಣ ಹರಡಿದೆ. ಪರೀಕ್ಷಕರು ಯಾವ ಹೂ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ಹಗ್ಗದಿಂದ ಯಾರೂ ತೆಗೆಯದೆ ಉಳಿದಿದ್ದ ಅಮ್ಮನ ಸೀರೆ.

ಪದವಿ ಪ್ರದಾನದ ದಿನ ಕಾರ್ಕಳದ ಕಾಲೇಜಿನ ಸಭಾಂಗಣದಲ್ಲಿ ಮಾವ ಹಿಂದಿನ ಸಾಲಿನಲ್ಲಿ, ಇಸ್ತ್ರಿ ಹಾಕಿದ ಅಂಗಿಯಲ್ಲಿ ಕುಳಿತಿದ್ದರು. ವೇದಿಕೆಯ ಮೇಲೆ ಕೈಗೆ ಬಂದ ಪ್ರಮಾಣಪತ್ರವನ್ನು ನೇರವಾಗಿ ಅವರ ಹತ್ತಿರ ಒಯ್ದು ಕೊಟ್ಟೆ. ಅವರು ಎರಡೂ ಅಂಗೈಗಳನ್ನು ಅಂಗಿಗೆ ಒರಸಿಕೊಂಡು ತೆಗೆದುಕೊಂಡರು. ಬೆರಳ ಸಂದಿಯಲ್ಲಿ ಬೆಳಗಿನ ಗಿಡದ ಹಸಿರು ಕಲೆ ಇನ್ನೂ ಹೋಗಿರಲಿಲ್ಲ. ಅಕ್ಷರಗಳ ಮೇಲೆ ಕಣ್ಣಾಡಿಸಿದರು.

“ನಿನ್ನ ಅಮ್ಮ ಇದ್ದಿದ್ದರೆ ಇದನ್ನು ಆಮೇಲೆ ನೋಡುತ್ತಿದ್ದಳು. ಮೊದಲು ಕೇಳುತ್ತಿದ್ದದ್ದು, ಗಿಡ ಕೊಯ್ದಾಯಿತಾ ಅಂತ,” ಎಂದರು. “ಕೊಯ್ದೇ ಬಂದದ್ದು ಮಾರಾಯ್ತಿ. ಮೂಲೆಯದ್ದು ಒಂದು ಬಿಟ್ಟು.”