ಹೆಮ್ಮಿಗೆಯಲ್ಲಿ ಬಾಗಿಲು ನಿಲ್ಲಿಸಿದ ದಿನ

ಕಟಿಂಗ್ ಮಿಷನ್ನಿನ ಗಾರ್ಡನ್ನು ತಂತಿಯಲ್ಲಿ ಎತ್ತಿ ಕಟ್ಟಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ದಿನ ಹೇಳಲಿಲ್ಲ. ಕೈಯಲ್ಲಿ ಹಿಡಿದು ಮರ ಕೊಯ್ಯುವ ಆ ಮಿಷನ್ನಿನ ಬ್ಲೇಡಿಗೆ ಕೆಳಗಡೆ ಗಾರ್ಡ್ ಅನ್ನುವ ಒಂದು ಮುಚ್ಚಳ ಇರುತ್ತದೆ. ಮರ ತಾಗಿದಾಗ ಹಿಂದೆ ಸರಿಯುತ್ತದೆ, ಕೊಯ್ದು ಮುಗಿದೊಡನೆ ತಾನೇ ಬಂದು ಬ್ಲೇಡನ್ನು ಮುಚ್ಚುತ್ತದೆ. ನನ್ನದರಲ್ಲಿ ಮರದ ಹೊಟ್ಟು ತುಂಬಿ ಅದು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಪ್ಲಗ್ ಕಿತ್ತು ಒರೆಸಿದರೆ ಐದು ನಿಮಿಷದ ಕೆಲಸ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಬೀಳ, ತಂತಿ ಸುತ್ತಿಬಿಟ್ಟೆ.

ಜೊತೆಗೆ ಕೆಲಸ ಮಾಡುತ್ತಿದ್ದವರು ನನ್ನ ಅಕ್ಕನ ಗಂಡ, ಕವಲಂದೆಯ ಬಾವ. ಬಾಗಿಲಿನ ಮೇಲೆ ಬಳ್ಳಿ, ತಾವರೆ ಕೆತ್ತುವುದರಲ್ಲಿ ನಂಜನಗೂಡಿನಿಂದ ನರಸೀಪುರದವರೆಗೆ ಅವರಿಗೆ ಹೆಸರಿತ್ತು. ದಿನಾ ಬೈಯುತ್ತಿದ್ದರು.

"ಲೇ, ಆ ತಂತಿ ಬಿಚ್ಚಲಾ. ಅದೇನು ನೀನ್ ಓ ಅಂದ್ರೆ ನಿಲ್ಲೋ ಎತ್ತು ಅಂದ್ಕೊಂಡಿದ್ದೀಯ?"

"ನೀನ್ ಉಳಿ ಇಡ್ಕೊಂಡು ಕೂತ್ಕೊ ಬಾವ. ಮಿಷನ್ ಇಚಾರ ನಂಗ್ ಬುಡು."

ಹೆಮ್ಮಿಗೆಯಲ್ಲಿ ಒಂದು ಹೊಸ ಮನೆಗೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವ ಪೂಜೆ. ಆ ಹೊತ್ತಿಗೆ ಮನೆಯವರು ಮರಗೆಲಸದವನ ಹೆಗಲಿಗೆ ಹೊಸ ಟವೆಲ್ ಹೊದಿಸಿ ಕುಂಕುಮ ಇಡುತ್ತಾರೆ. ಬಾಗಿಲು ನಿಲ್ಲುವವರೆಗೂ ಅದನ್ನು ತೆಗೆಯುವಂತಿಲ್ಲ. ನೆಲಕ್ಕೆ ಬಿದ್ದರಂತೂ ಅಪಶಕುನ. ನನಗೆ ಹೊದಿಸಿದರು, ನಾನೂ ಮದುಮಗನ ಹಾಗೆ ಬೀಗಿದೆ. ಚೌಕಟ್ಟು ಎತ್ತಿ ನೋಡಿದರೆ ಒಂದು ಕಾಲು ಎರಡು ಬೆರಳಷ್ಟು ಉದ್ದ. ಅಳತೆ ತಪ್ಪಿದವನೂ ನಾನೇ. ಮುಹೂರ್ತ ಮೀರುತ್ತಿದೆ ಎಂದು ಪೂಜೆಯವರು ಅವಸರ ಮಾಡಿದರು.

ಚೌಕಟ್ಟನ್ನು ಮತ್ತೆ ಮಲಗಿಸಿದೆವು. ಬಾವ ಎಡಗೈಯಲ್ಲಿ ಮರವನ್ನು ಅದುಮಿ ಹಿಡಿದರು, ನಾನು ಕೊಯ್ದೆ. ತುಂಡು ಕಳಚಿದ ಗಳಿಗೆಯಲ್ಲೇ ಟವೆಲ್ ಹೆಗಲಿಂದ ಜಾರಿತು. ಅಯ್ಯೋ ಎಂದು ಅದನ್ನು ಹಿಡಿಯಲು ಹೋಗಿ, ಬ್ಲೇಡು ಇನ್ನೂ ತಿರುಗುತ್ತಿದ್ದ ಮಿಷನ್ನನ್ನು ಮರದ ಮೇಲೆ ಇಟ್ಟುಬಿಟ್ಟೆ. ಮುಚ್ಚಳ ಇದ್ದಿದ್ದರೆ ಸುಮ್ಮನೆ ಕೂರುತ್ತಿತ್ತು. ಬರಿಯ ಬ್ಲೇಡು ಮರವನ್ನು ಕಚ್ಚಿ ಹಿಂದಕ್ಕೆ ಓಡಿತು, ಬಾವನ ಕೈ ಇದ್ದ ಕಡೆಗೆ. ಟವೆಲ್ ಉಳಿಯಿತು. ಎರಡು ಬೆರಳು ಹೋದವು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ. ಜನ ಬಾವನ ಕೈಗೆ ಬಟ್ಟೆ ಸುತ್ತುತ್ತಿದ್ದಾಗ ನಾನು ಇಕ್ಕಳ ಹುಡುಕಿ, ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ತಲೆ ಎತ್ತಿದರೆ ಬಾವ ನನ್ನನ್ನೇ ನೋಡುತ್ತಿದ್ದರು.

"ಏನಾಯ್ತ್ ಮೇಸ್ತ್ರಿ?" ಮನೆಯ ಯಜಮಾನರು ಓಡಿಬಂದರು.

"ಕೈ ಅಡ್ಡ ಇಟ್ಬುಟ್ರು ಸಾ," ಎಂದೆ.

ಬಾವ ನನ್ನಿಂದ ಕಣ್ಣು ತೆಗೆದು ಕೈಗೆ ಸುತ್ತಿದ ಬಟ್ಟೆಯ ಕಡೆ ತಿರುಗಿಸಿದರು.

ಉಳಿ ಹಿಡಿಯುವ ಕೈ ಅದು. ಗಾಯ ಮಾಗಿದ ಮೇಲೆ ಉಳಿದ ಬೆರಳುಗಳಲ್ಲೇ ಉಳಿ ಹಿಡಿಯುವುದನ್ನು ಅವರು ಕಲಿತರು. ಕೆಲಸ ಮಾತ್ರ ಬರಲಿಲ್ಲ. ಬಾಗಿಲಿಗೆ ರಕ್ತ ಬೀಳಿಸಿದವನು, ಬೆಳಿಗ್ಗೆಯೇ ಕುಡಿದು ಬಂದಿದ್ದನಂತೆ ಎಂದು ಹೆಮ್ಮಿಗೆಯಿಂದ ಹೊರಟ ಮಾತು ಊರೂರು ತಿರುಗಿತು. ಜನ್ಮದಲ್ಲಿ ಕುಡಿದವರಲ್ಲ ಅವರು. ಕೆತ್ತನೆಯ ಬಾಗಿಲು ಬೇಕಾದವರೆಲ್ಲ ಬೇರೆಯವರನ್ನು ಹುಡುಕಿಕೊಂಡರು. ನನಗೇನೂ ಕೆಲಸ ಕಡಿಮೆಯಾಗಲಿಲ್ಲ.

ಒಂದು ವರ್ಷ ನುಂಗಿಕೊಂಡಿದ್ದೆ. ಆಮೇಲೆ ತಡೆಯಲಾಗದೆ ಕವಲಂದೆಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿ ಅತ್ತೆ. ಅವಳು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಡಲೂ ಇಲ್ಲ.

"ಗೊತ್ತು ಕಣೋ. ಅವತ್ತೇ ಯೋಳುದ್ರು. ಕೋತಿ ತಾನ್ ಮೊಸ್ರು ತಿಂದು ಮೇಕೆ ಬಾಯ್ಗೆ ಒರೆಸ್ತಂತೆ. ನನ್ ಮುಂದೆ ಅತ್ರೆ ಏನ್ ಬಂತು? ಆ ಊರ್ಗ್ ಓಗಿ ಯೋಳು. ಇವ್ರ್ ಮರ್ವಾದೆ ಓಗಿರೋದು ಅಲ್ಲಿ."

ಹೋದೆ. ಯಜಮಾನರ ಜಗಲಿಯಲ್ಲಿ ನಾಲ್ಕೈದು ಜನ ಕೂತಿದ್ದರು. ಒಳ್ಳೆಯದೇ ಆಯಿತೆಂದು ಎಲ್ಲರ ಮುಂದೆಯೇ ಹೇಳಿದೆ. ತಂತಿ ಕಟ್ಟಿದ್ದು ನಾನು, ತಿರುಗುವ ಮಿಷನ್ ಕೆಳಗಿಟ್ಟಿದ್ದು ನಾನು, ತಂತಿ ಬಚ್ಚಿಟ್ಟು ಸುಳ್ಳು ಹೇಳಿದ್ದೂ ನಾನು, ಬಾವ ಕುಡಿದಿರಲಿಲ್ಲ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

ಯಜಮಾನರು ಎದ್ದು ಬಂದು ನನ್ನ ಬೆನ್ನು ತಟ್ಟಿದರು.

"ನೋಡ್ರಲಾ, ಅಕ್ಕನ್ ಸಂಸಾರ ಉಳೀಲಿ ಅಂತ ಬಾವನ್ ತಪ್ಪ ತನ್ ತಲೆ ಮ್ಯಾಲೆ ಆಕೊಂತಾವ್ನೆ. ಇಂತೋನು ಎಲ್ ಸಿಕ್ತಾನೆ?"

"ಇಲ್ಲ ಸಾ, ನಿಜ್ವಾಗ್ಲೂ ತಪ್ಪು ನಂದೇ..."

"ಆಯ್ತು ಬುಡು, ನಮಗ್ ಅಷ್ಟೂ ಗೊತ್ತಾಗಲ್ವ?"

ಕೂತಿದ್ದವರೆಲ್ಲ ನನ್ನನ್ನು ಮೆಚ್ಚಿ ತಲೆಯಾಡಿಸಿದರು. ಮಗಳ ಮನೆಯ ಬಾಗಿಲಿನ ಕೆಲಸವೂ ನಿನಗೇ ಎಂದು ಯಜಮಾನರು ಹೇಳಿ, ಒಳಗೆ ಕೂಗಿ ಕಾಫಿ ತರಿಸಿದರು. ಇನ್ನೊಮ್ಮೆ ಹೇಳಬೇಕೆಂದು ಬಾಯಿ ತೆರೆದೆ. ಕಾಫಿ ಬಂತು. ಕೂತು ಕುಡಿದೆ.